ದೋಣಿ ಮುಳುಗಿತು, ದನಿ ಉಳಿಯಿತು

ಇಬ್ಬರು ನಾವಿಕರು. ಒಬ್ಬ ಗುಡಾಣ ಹೊಟ್ಟೆಯವನು, ಇನ್ನೊಬ್ಬ ಕಡ್ಡಿಯಂಥವನು. ರಜೆ ಸಿಕ್ಕಿತೆಂದು ಹಡಗಿನಿಂದಿಳಿದು ಪೇಟೆಯ ಪಾರ್ಕಿಗೆ ಬಂದಿದ್ದಾರೆ. ಅಲ್ಲಿ ಇಬ್ಬರು ಹುಡುಗಿಯರ ಪರಿಚಯವಾಗುತ್ತದೆ. ಸೋಡಾ ಕುಡಿಸೋಣವೆಂದರೆ ಇಬ್ಬರ ಕಿಸೆಯಲ್ಲೂ ಸೇರಿ ಇರುವುದು 15 ಸೆಂಟು. ಸೋಡಾ ಒಂದಕ್ಕೆ 5 ಸೆಂಟು. ಅಂದರೆ ನಾಲ್ವರಿಗೆ ಮೂರೇ ಸೋಡಾ! ಕೇಳಿದಾಗ ನೀನು ಬೇಡವೆನ್ನಬೇಕು ಎಂದು ದಪ್ಪನವನು ಕಡ್ಡಿಯವನನ್ನು ಬದಿಗೆ ಕರೆದು ಹೇಳಿಕೊಡುತ್ತಾನೆ. ಅವನೂ ತಲೆಯಾಡಿಸುತ್ತಾನೆ. ಆದರೆ ನಿನಗೇನು ಬೇಕು ಎಂದು ಕೇಳಿದ ಕೂಡಲೇ ಅವನ ಬಾಯಿಂದ ಬರುವುದು ಸೋಡಾ ಎಂಬ ಮಾತೇ. ಮತ್ತೆ ಬದಿಗೆ ಕರೆ, ಮತ್ತೆ ಪಾಠ, ಮತ್ತೆ ಸೋಡಾ. ಕೊನೆಗೆ ಒಂದು ಗ್ಲಾಸನ್ನು ಇಬ್ಬರೂ ಅರ್ಧರ್ಧ ಕುಡಿಯುವುದೆಂದು ತೀರ್ಮಾನವಾದರೆ, ಕಡ್ಡಿಯವನು ಗ್ಲಾಸನ್ನು ಪೂರ್ತಿ ಖಾಲಿ ಮಾಡಿ ಅಳುಮುಖ ಮಾಡುತ್ತಾನೆ. ಅವನ ಪಾಲಿನ ಅರ್ಧ ಇದ್ದದ್ದು ಗ್ಲಾಸಿನ ತಳದಲ್ಲಂತೆ!

ದಪ್ಪನವನು ಆಲಿವರ್ ಹಾರ್ಡಿ, ಕಡ್ಡಿಯವನು ಸ್ಟಾನ್ ಲಾರೆಲ್. ಚಿತ್ರದ ಹೆಸರು ‘ಮೆನ್ ಓ ವಾರ್’. 1929ರ ಜೂನ್ 29ರಂದು ಅಮೆರಿಕದಲ್ಲಿ ತೆರೆಕಂಡ, ಸುಮಾರು 20 ನಿಮಿಷಗಳ ಕಿರುಚಿತ್ರ. ನಿರ್ದೇಶಕ ಲೂಯಿಸ್ ಫಾಸ್ಟರ್. ಆ ಹೆಸರಿಗೆ ಯುದ್ಧನೌಕೆ ಎಂಬ ಅರ್ಥವೂ ಉಂಟು. ಆದರೆ ಚಿತ್ರದಲ್ಲಿ ಯುದ್ಧವೂ ಇಲ್ಲ, ನೌಕೆಯೂ ಇಲ್ಲ. ಇರುವುದು ಪಾರ್ಕಿನ ಕೆರೆಯಲ್ಲಿ ಬಾಡಿಗೆಗೆ ಪಡೆದ ಹುಟ್ಟುಹಾಕುವ ದೋಣಿ. ಸಮುದ್ರದವರೆನಿಸಿಕೊಂಡ ಇವರಿಗೆ ಅದನ್ನು ನೆಟ್ಟಗೆ ನಡೆಸಲೂ ಬಾರದು. ಅವರಿವರ ದೋಣಿಗೆ ಡಿಕ್ಕಿ ಹೊಡೆದು, ಜಗಳವೆದ್ದು, ಒಬ್ಬೊಬ್ಬರಾಗಿ ಎಲ್ಲರೂ ಇವರ ದೋಣಿಗೇ ಹತ್ತಿ, ಅದು ಮುಳುಗುವಲ್ಲಿಗೆ ಕಥೆ ಮುಗಿಯುತ್ತದೆ. ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸಲು ಆಗುವತನಕ ಮಾತ್ರ ದೋಣಿ ತೇಲುತ್ತದೆ ಎಂಬ ಆರ್ಕಿಮಿಡೀಸ್ ತತ್ವಕ್ಕೆ ಇದಕ್ಕಿಂತ ನಗು ತರುವ ಉದಾಹರಣೆ ಸಿಗಲಿಕ್ಕಿಲ್ಲ.

ಆದರೆ ಈ ಲೇಖನ ಹೊರಟಿರುವುದು ದೋಣಿಯ ಹಿಂದೆ ಅಲ್ಲ, ದನಿಯ ಹಿಂದೆ. ‘ಮೆನ್ ಓ ವಾರ್’ ಈ ಜೋಡಿಯ ಮೂರನೆಯ ಮಾತಿನ ಚಿತ್ರ. ಅದೇ ವರ್ಷದ ಮೇ ತಿಂಗಳಿನ ತನಕ ಅವರಿಬ್ಬರೂ ತೆರೆಯ ಮೇಲೆ ಮೂಕರಾಗಿದ್ದರು. ತೊಂಬತ್ತು ವರ್ಷ ದಾಟಿದರೂ ಈ ಚಿತ್ರವನ್ನು ನಾವು ನೋಡಬಹುದು, ಆ ಸೋಡಾದ ಮಾತನ್ನು ಅವರದೇ ದನಿಯಲ್ಲಿ ಕೇಳಬಹುದು. ಇದರ ಐದು ವರ್ಷಗಳ ನಂತರ ಬಂದ ನಮ್ಮ ಮೊದಲ ಕನ್ನಡ ಮಾತಿನ ಚಿತ್ರವನ್ನು ಮಾತ್ರ ಇಂದು ಯಾರೂ ನೋಡುವ ಹಾಗಿಲ್ಲ. ಯಾಕೆ ಹೀಗಾಯಿತು? ಅದನ್ನು ತಿಳಿಯಬೇಕಾದರೆ ಸಿನಿಮಾ ಮಾತು ಕಲಿತದ್ದು ಹೇಗೆಂಬುದನ್ನು ಮೊದಲು ನೋಡಬೇಕು.

ಮಿಂಚು ಮೊದಲು, ಗುಡುಗು ಆಮೇಲೆ

ಮೇ ತಿಂಗಳ ಕೊನೆಯಲ್ಲಿ ಒಂದು ಸಂಜೆ ಮಣಿಪಾಲದ ಎಂಡ್ ಪಾಯಿಂಟಿನಲ್ಲಿ ನಿಂತು ಘಟ್ಟದ ಕಡೆ ನೋಡಿ. ದೂರದಲ್ಲಿ ಮಿಂಚು ಹೊಳೆಯುತ್ತದೆ. ಒಂದು, ಎರಡು, ಮೂರು ಎಂದು ಸೆಕೆಂಡುಗಳನ್ನು ಎಣಿಸುತ್ತಾ ಹೋಗಿ. 15ಕ್ಕೆ ಗುಡುಗು ಕೇಳಿಸಿದರೆ ಮಿಂಚಿದ್ದು ಸುಮಾರು 5 ಕಿ.ಮೀ. ದೂರದಲ್ಲಿ. ಬೆಳಕು ಕಣ್ಣಿಗೆ ಬರುವುದು ಕ್ಷಣಾರ್ಧಕ್ಕಿಂತಲೂ ಬೇಗ. ಶಬ್ದವೋ ಸೆಕೆಂಡಿಗೆ ಸುಮಾರು 340 ಮೀಟರಿನಂತೆ ನಡೆದುಕೊಂಡು ಬರಬೇಕು. ಬಯಲಾಟದ ರಂಗಸ್ಥಳದಿಂದ ಬಹಳ ದೂರ ನಿಂತವನಿಗೆ ಚೆಂಡೆಯ ಕೋಲು ಬಿದ್ದದ್ದು ಮೊದಲು ಕಾಣುತ್ತದೆ, ಪೆಟ್ಟು ಆಮೇಲೆ ಕೇಳುತ್ತದೆ.

ನೋಟವನ್ನೂ ದನಿಯನ್ನೂ ಒಟ್ಟಿಗೆ ತರುವುದೇ ಸಿನಿಮಾದವರಿಗೆ ಎದುರಾದ ಮೊದಲ ಕಷ್ಟ. ದನಿಯನ್ನು ಹಿಡಿದಿಡುವ ಯಂತ್ರವನ್ನು ಎಡಿಸನ್ 1877ರಲ್ಲೇ ಮಾಡಿದ್ದ. ಚಲಿಸುವ ಚಿತ್ರಗಳು 1890ರ ದಶಕದಲ್ಲಿ ಬಂದವು. ಇವೆರಡನ್ನೂ ಜೋಡಿಸಿ ಜನರನ್ನು ಮೆಚ್ಚಿಸಲು 1927ರ ತನಕ ಕಾಯಬೇಕಾಯಿತು. ಆ ವರ್ಷ ಅಕ್ಟೋಬರ್ 6ರಂದು ನ್ಯೂಯಾರ್ಕಿನಲ್ಲಿ ಬಿಡುಗಡೆಯಾದ ‘ದಿ ಜಾಝ್ ಸಿಂಗರ್’ ಚಿತ್ರದಲ್ಲಿ ಹಾಡಿನ ಜತೆಗೆ ಒಂದಷ್ಟು ಮಾತೂ ಕೇಳಿಸಿತು. ಜನ ಹುಚ್ಚೆದ್ದು ನೋಡಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಹಾಲಿವುಡ್ಡಿನಲ್ಲಿ ಮೂಕಿಯ ಕಾಲ ಮುಗಿಯುತ್ತಾ ಬಂದಿತ್ತು.

ಆಗಿನ ಉಪಾಯ ಸರಳವಾದದ್ದು. ಚಿತ್ರ ಒಂದು ಯಂತ್ರದಲ್ಲಿ, ದನಿ 16 ಇಂಚು ಅಗಲದ ಗ್ರಾಮಫೋನ್ ತಟ್ಟೆಯಲ್ಲಿ. ಎರಡನ್ನೂ ಒಂದೇ ಮೋಟಾರಿಗೆ ಜೋಡಿಸಿ ತಿರುಗಿಸುವುದು. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತಿತ್ತು. ಒಂದು ರೀಲಿಗೆ ಒಂದು ತಟ್ಟೆ, ಸುಮಾರು 11 ನಿಮಿಷ. ಎಲ್ಲವೂ ಸರಿಯಿದ್ದರೆ ಸರಿ. ರೀಲು ಎಲ್ಲಾದರೂ ತುಂಡಾಗಿ, ಆಪರೇಟರ್ ನಾಲ್ಕು ಚೌಕ ಕತ್ತರಿಸಿ ಅಂಟಿಸಿದನೋ, ಅಲ್ಲಿಂದ ಮುಂದೆ ಚಿತ್ರ ಓಡುತ್ತದೆ, ಮಾತು ಹಿಂದೆ ಉಳಿಯುತ್ತದೆ. ನಾಯಕ ಬಾಯಿ ಮುಚ್ಚಿಕೊಂಡಾಗ ಅವನ ದನಿ ಬರುತ್ತದೆ, ನಾಯಕಿ ಬಾಯಿ ತೆರೆದಾಗಲೂ ಅವನ ದನಿಯೇ! ಸಾಲದ್ದಕ್ಕೆ ಸೂಜಿಯ ಉಜ್ಜಾಟಕ್ಕೆ ತಟ್ಟೆ ಸವೆಯುತ್ತಿತ್ತು. ಇಪ್ಪತ್ತು ಬಾರಿ ಬಳಸಿದ ಮೇಲೆ ಹೊಸದು ತರಿಸಬೇಕಿತ್ತು.

ಬೆಳಕೇ ದನಿಯಾದಾಗ

ಪರಿಹಾರ ಬಂದದ್ದು ಬೆಳಕಿನ ಕಡೆಯಿಂದ. ಕಾಪುವಿನ ಕಡಲ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ನಮ್ಮ ಮಕ್ಕಳೆಲ್ಲ ನೋಡಿದ್ದಾರೆ. ರಾತ್ರಿ ಅದು ಬಾಯಿ ಬಿಟ್ಟು ಏನೂ ಹೇಳುವುದಿಲ್ಲ. ಮಿನುಗುತ್ತದೆ, ಮರೆಯಾಗುತ್ತದೆ, ಅಷ್ಟೆ. ಆದರೂ ದೂರದ ಹಡಗಿನವನಿಗೆ ಅದು ಮಾತೇ. ಮಿನುಗುವ ಲೆಕ್ಕ ಒಂದೊಂದು ದೀಪಸ್ತಂಭಕ್ಕೂ ಬೇರೆ ಬೇರೆ ಇರುವುದರಿಂದ, ಬೆಳಕಿನ ಏರಿಳಿತವನ್ನು ಓದಿಯೇ ಅವನು ತಾನು ಯಾವ ಊರಿನ ಎದುರಿಗಿದ್ದೇನೆಂದು ತಿಳಿಯುತ್ತಾನೆ. ಬೆಳಕು ಸುದ್ದಿಯನ್ನು ಹೊತ್ತು ತರಬಲ್ಲದು ಎಂಬುದು ಇದರಿಂದ ಸ್ಪಷ್ಟ.

ಸಿನಿಮಾದವರು ಮಾಡಿದ್ದೂ ಇದನ್ನೇ, ಆದರೆ ಬಹಳ ವೇಗವಾಗಿ. ಮೈಕ್ ಮುಂದೆ ನಟ ಮಾತನಾಡಿದಾಗ ಅವನ ದನಿಯ ಕಂಪನ ವಿದ್ಯುತ್ತಿನ ಏರಿಳಿತವಾಗುತ್ತದೆ. ಆ ಏರಿಳಿತ ಒಂದು ಬೆಳಕಿನ ಗೆರೆಯನ್ನು ಹೆಚ್ಚು ಕಡಿಮೆ ಮಾಡುತ್ತದೆ. ಅದು ಫಿಲ್ಮಿನ ಅಂಚಿನಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಅಗಲದ ಪಟ್ಟಿಯಾಗಿ ಅಚ್ಚಾಗುತ್ತದೆ. ಟಾಕೀಸಿನಲ್ಲಿ ಇದರ ತಿರುವುಮುರುವು: ಪುಟ್ಟ ದೀಪದ ಬೆಳಕು ಆ ಪಟ್ಟಿಯನ್ನು ಹಾದು ದ್ಯುತಿಕೋಶದ ಮೇಲೆ ಬೀಳುತ್ತದೆ. ಪಟ್ಟಿ ತಿಳಿಯಾಗಿದ್ದಲ್ಲಿ ಹೆಚ್ಚು ಬೆಳಕು, ಹೆಚ್ಚು ವಿದ್ಯುತ್ತು. ಕಪ್ಪಾಗಿದ್ದಲ್ಲಿ ಕಡಿಮೆ. ಆ ವಿದ್ಯುತ್ತನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಟ್ಟರೆ ನಟನ ದನಿ! ಐನ್‌ಸ್ಟೈನ್ 1905ರಲ್ಲಿ ವಿವರಿಸಿದ, 1921ರ ನೊಬೆಲ್ ಬಹುಮಾನವನ್ನು ತಂದುಕೊಟ್ಟ ದ್ಯುತಿವಿದ್ಯುತ್ ಪರಿಣಾಮ ಪಠ್ಯಪುಸ್ತಕದಲ್ಲಿ ಮಾತ್ರ ಕುಳಿತಿರಲಿಲ್ಲ. ಟಾಕೀಸಿನ ಯಂತ್ರದ ಕೋಣೆಯಲ್ಲೂ ದಿನಕ್ಕೆ ನಾಲ್ಕು ಆಟ ದುಡಿಯುತ್ತಿತ್ತು.

ಇಲ್ಲೊಂದು ಸೂಕ್ಷ್ಮವಿದೆ. ಚಿತ್ರದ ಚೌಕ ದೀಪದ ಮುಂದೆ ಕ್ಷಣಕಾಲ ನಿಂತು ಹೋಗಬೇಕು, ಇಲ್ಲವಾದರೆ ತೆರೆಯ ಮೇಲೆ ಮಸಕು. ದನಿಯ ಪಟ್ಟಿಯಾದರೋ ನಿಲ್ಲದೆ ಒಂದೇ ವೇಗದಲ್ಲಿ ಸಾಗಬೇಕು, ಇಲ್ಲವಾದರೆ ಗೊರಗೊರ. ಎರಡೂ ಒಂದೇ ಜಾಗದಲ್ಲಿ ಆಗುವುದಿಲ್ಲ. ಆದ್ದರಿಂದ ಒಂದು ಚೌಕಕ್ಕೆ ಸೇರಿದ ದನಿಯನ್ನು ಅದಕ್ಕಿಂತ 20 ಚೌಕ ಮುಂದೆ ಅಚ್ಚು ಹಾಕುವ ಪದ್ಧತಿ ಬಂತು. ಸೆಕೆಂಡಿಗೆ 24 ಚೌಕ ಎಂಬ ವೇಗ ನಿಗದಿಯಾದದ್ದೂ ಮಾತು ಬಂದ ಮೇಲೆಯೇ. ಮೂಕಿಯ ಕಾಲದಲ್ಲಿ ಕೈಯಿಂದ ತಿರುಗಿಸುವ ವೇಗ ಆಚೀಚೆ ಆದರೆ ಕಣ್ಣು ಕ್ಷಮಿಸುತ್ತಿತ್ತು. ಕಿವಿ ಕ್ಷಮಿಸುವುದಿಲ್ಲ.

ಮೌನಕ್ಕಾಗಿ ಪರದಾಟ

ಕಾರ್ಕಳದ ಚತುರ್ಮುಖ ಬಸದಿ 1586ರದ್ದು. ಗೋಡೆ, ಕಂಬ, ಮಾಡು ಎಲ್ಲವೂ ಕಲ್ಲು. ಅಂಥ ಕಲ್ಲಿನ ಕಟ್ಟಡದೊಳಗೆ ಮಾತನಾಡಿದರೆ ದನಿ ಕೂಡಲೇ ಸಾಯುವುದಿಲ್ಲ. ನಯವಾದ ಗಟ್ಟಿ ಕಲ್ಲು ಶಬ್ದವನ್ನು ಹೀರುವುದು ಬಹಳ ಕಡಿಮೆ. ಅದು ಗೋಡೆಯಿಂದ ಗೋಡೆಗೆ ಪುಟಿದು ಅನುರಣಿಸುತ್ತದೆ. ಮಂತ್ರಕ್ಕೆ, ಸ್ತೋತ್ರಕ್ಕೆ ಅದೊಂದು ಗಾಂಭೀರ್ಯ. ಆದರೆ ಸಿನಿಮಾದ ಸಂಭಾಷಣೆಗೆ? ಹಿಂದಿನ ಪದದ ಬಾಲ ಮುಂದಿನ ಪದದ ತಲೆಯ ಮೇಲೆ ಬಿದ್ದು ಒಂದೂ ಅರ್ಥವಾಗದು. ಹೀಗಾಗಿ ಸ್ಟುಡಿಯೋಗಳ ಗೋಡೆಗೆ ದಪ್ಪ ಕಂಬಳಿ, ಪರದೆ, ಹತ್ತಿಯ ಮೆತ್ತೆಗಳು ಬಂದವು. ಮೆತ್ತನೆಯ ವಸ್ತುಗಳು ಶಬ್ದವನ್ನು ಎಷ್ಟು ಹೀರುತ್ತವೆಂಬುದನ್ನು ಹಾರ್ವರ್ಡಿನ ವಾಲೇಸ್ ಸಬೈನ್ ಎಂಬ ಅಧ್ಯಾಪಕ 1890ರ ದಶಕದಲ್ಲೇ ಕುರ್ಚಿಯ ಮೆತ್ತೆಗಳನ್ನು ಉಪನ್ಯಾಸದ ಕೋಣೆಗೆ ಹೊತ್ತು ತಂದು ಅಳೆದು ನೋಡಿದ್ದ.

ಇನ್ನೊಂದು ತಾಪತ್ರಯ ಕ್ಯಾಮೆರಾದ್ದೇ. ಅದರ ಗರಗರ ಸದ್ದನ್ನು ಮೈಕ್ ಹಿಡಿಯುತ್ತಿತ್ತು. ಅದಕ್ಕೆಂದು ಕ್ಯಾಮೆರಾವನ್ನೂ ಕ್ಯಾಮೆರಾದವನನ್ನೂ ಒಂದು ಪೆಟ್ಟಿಗೆಯಂಥ ಕೋಣೆಯೊಳಗೆ ಕೂಡಿಹಾಕಿ, ಗಾಜಿನ ಕಿಟಕಿಯ ಮೂಲಕ ಚಿತ್ರ ತೆಗೆಸಿದರು. ಒಳಗಿದ್ದವನು ಬೆವರಿ ನೀರಾಗುತ್ತಿದ್ದ. ಮೂಕಿಯಲ್ಲಿ ಹಕ್ಕಿಯಂತೆ ಹಾರಾಡುತ್ತಿದ್ದ ಕ್ಯಾಮೆರಾ ಗೂಟಕ್ಕೆ ಕಟ್ಟಿದ ದನದಂತಾಯಿತು. ಮೈಕನ್ನು ಹೂದಾನಿಯ ಹಿಂದೆಯೋ ಮೇಜಿನಡಿಯಲ್ಲೋ ಅಡಗಿಸಿ, ನಟರು ಅದರ ಸುತ್ತಲೇ ನಿಂತು ಮಾತನಾಡಬೇಕಾಯಿತು.

ನಮ್ಮ ದೇಶದ ಕಥೆಯೂ ಬೇರೆಯಲ್ಲ. ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಅದನ್ನು ತೆಗೆದ ಅರ್ದೇಶಿರ್ ಇರಾನಿಯವರ ಸ್ಟುಡಿಯೋ ಪಕ್ಕದಲ್ಲೇ ರೈಲು ಹಳಿ. ರೈಲುಗಳ ಸದ್ದು ಅಡಗಿದ ಮೇಲೆ, ಊರು ಮಲಗಿದ ಹೊತ್ತಿನಲ್ಲಿ ಹೆಚ್ಚಿನ ಚಿತ್ರೀಕರಣ ನಡೆಯಿತು. ಮಾತನ್ನು ಹಿಡಿಯಬೇಕಾದರೆ ಮೊದಲು ಮೌನವನ್ನು ಹಿಡಿಯಬೇಕು ಎಂಬ ಪಾಠ ಅದು.

ನಗುವಿಗೆ ಕಿವಿ ಬಂದಾಗ

ಮಾತು ಬಂದಾಗ ಬಹಳಷ್ಟು ಮೂಕಿ ನಟರು ಕಂಗಾಲಾದರು. ಕೆಲವರ ದನಿ ರೂಪಕ್ಕೆ ಹೊಂದಲಿಲ್ಲ, ಕೆಲವರು ಮಾತು ಬಂತೆಂದು ವಾಚಾಳಿಗಳಾದರು. ಲಾರೆಲ್ ಮತ್ತು ಹಾರ್ಡಿ ಗೆದ್ದದ್ದು ಯಾಕೆ? ಅವರು ಅಗತ್ಯಕ್ಕಿಂತ ಹೆಚ್ಚು ಮಾತನಾಡಲಿಲ್ಲ. ಲಾರೆಲ್ ಇಂಗ್ಲೆಂಡಿನವ, ಹಾರ್ಡಿ ಅಮೆರಿಕದ ದಕ್ಷಿಣದ ಜಾರ್ಜಿಯಾದವ. ಇಬ್ಬರ ಉಚ್ಚಾರವೂ ಬೇರೆ. ಅದನ್ನು ಮುಚ್ಚಿಡದೆ ಹಾಗೆಯೇ ಬಿಟ್ಟರು. ಅವರ ಮೊದಲ ಮಾತಿನ ಚಿತ್ರದ ಕೊನೆಯಲ್ಲಿ ಲಾರೆಲ್ ಮೆಟ್ಟಲುಗಳಿಂದ ಉರುಳಿ ಬೀಳುತ್ತಾನೆ. ಮೂಕಿಯಾಗಿದ್ದರೆ ಬಿದ್ದದ್ದನ್ನು ತೋರಿಸಲೇಬೇಕಿತ್ತು. ಇಲ್ಲಿ ತೋರಿಸುವುದೇ ಇಲ್ಲ. ಧಡಬಡ ಸದ್ದು ಮಾತ್ರ ಕೇಳುತ್ತದೆ, ಹಾರ್ಡಿಯ ಮುಖ ಒಂದೊಂದು ಪೆಟ್ಟಿಗೂ ಕಿವುಚಿಕೊಳ್ಳುತ್ತದೆ. ಉಳಿದದ್ದು ನೋಡುವವರ ಕಲ್ಪನೆಗೆ. ನಮ್ಮ ಯಕ್ಷಗಾನದ ಒಳ್ಳೆಯ ಹಾಸ್ಯಗಾರನಿಗೆ ಇದು ಹೊಸತಲ್ಲ. ಭಾಗವತರ ಪ್ರಶ್ನೆಗೆ ಉತ್ತರ ಕೊಡುವ ಮುಂಚೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾನಲ್ಲ, ಸಭೆ ನಗುವುದು ಅಲ್ಲಿಯೇ.

ಮಾತು ಬಂದದ್ದರಿಂದ ಇನ್ನೊಂದು ಗೋಡೆಯೂ ಎದ್ದಿತು. ಮೂಕಿ ಚಿತ್ರ ಯಾವ ದೇಶಕ್ಕೂ ಹೋಗುತ್ತಿತ್ತು. ಮಾತಿನ ಚಿತ್ರಕ್ಕೆ ಭಾಷೆ ಬೇಕು. ಡಬ್ಬಿಂಗ್ ಇನ್ನೂ ಪಳಗಿರಲಿಲ್ಲ. ಆದ್ದರಿಂದ ಇವರಿಬ್ಬರೂ ಕೆಲವು ಚಿತ್ರಗಳನ್ನು ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಮತ್ತೆ ಮತ್ತೆ ಅಭಿನಯಿಸಿದರು. ಆ ಭಾಷೆಗಳು ಇವರಿಗೆಲ್ಲಿ ಬರಬೇಕು! ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಲಗೆಯ ಮೇಲೆ ಬರೆದು ಕ್ಯಾಮೆರಾದ ಪಕ್ಕದಲ್ಲಿ ಇಡುತ್ತಿದ್ದರು, ಇವರು ಓದುತ್ತಿದ್ದರು. ತುಳುವನ್ನು ಕನ್ನಡ ಅಕ್ಷರಗಳಲ್ಲಿ ಓದಿ ಬರೆಯುವ ನಮ್ಮ ಮಕ್ಕಳಿಗೆ ಒಂದು ನುಡಿಗೆ ಇನ್ನೊಂದರ ಲಿಪಿ ತೊಡಿಸುವ ಈ ಉಪಾಯ ಬೇಗ ಅರ್ಥವಾದೀತು.

ನಮ್ಮ ದನಿ ಎಲ್ಲಿ ಹೋಯಿತು?

ಈಗ ನಮ್ಮ ಕಡೆಗೆ ಬರೋಣ. 1930ರ ಸುಮಾರಿಗೆ, ಅಮೆರಿಕದ ಸಿನಿಮಾ ಮಾತು ಕಲಿಯುತ್ತಿದ್ದ ಹೊತ್ತಿಗೆ, ಕೋಟದ ಶಿವರಾಮ ಕಾರಂತರು ‘ಡೊಮಿಂಗೊ’ ಎಂಬ ಮೂಕಿ ಚಿತ್ರವನ್ನು ನಿರ್ದೇಶಿಸಿದರು. ಕಾರಂತರು ಕೈಯಾಡಿಸದ ಕ್ಷೇತ್ರವಿಲ್ಲ ಎಂಬ ಮಾತಿಗೆ ಅದೂ ಒಂದು ಸಾಕ್ಷಿ. ಕನ್ನಡ ಸಿನಿಮಾ ಬಾಯಿ ಬಿಟ್ಟದ್ದು 1934ರ ಮಾರ್ಚ್ 3ರಂದು, ಬೆಂಗಳೂರಿನ ಪ್ಯಾರಮೌಂಟ್ ಟಾಕೀಸಿನಲ್ಲಿ. ಚಿತ್ರ ‘ಸತಿ ಸುಲೋಚನ’. ನಿರ್ಮಾಪಕರು ಚಮನ್‌ಲಾಲ್ ಡುಂಗಾಜಿ, ನಿರ್ದೇಶಕರು ವೈ. ವಿ. ರಾವ್, ಸಾಹಿತ್ಯ ಬೆಳ್ಳಾವೆ ನರಹರಿ ಶಾಸ್ತ್ರಿಗಳದ್ದು. ರಾವಣನಾಗಿ ಆರ್. ನಾಗೇಂದ್ರರಾವ್, ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ. ‘ಇಂದ್ರಜಿತು ಕಾಳಗ’ದ ಆಟ ನೋಡಿ ಬೆಳೆದ ನಮ್ಮವರಿಗೆ ಪರಿಚಿತವಾದ ಕಥೆಯೇ. ಕರ್ನಾಟಕದಲ್ಲಿ ಶಬ್ದದ ಸ್ಟುಡಿಯೋ ಇಲ್ಲದ ಕಾರಣ ಇಡೀ ತಂಡ ಕೊಲ್ಲಾಪುರಕ್ಕೆ ಹೋಗಿ, ಛತ್ರಪತಿ ಸ್ಟುಡಿಯೋದಲ್ಲಿ ಚಿತ್ರ ತೆಗೆಯಿತು. ಎರಡು ವರ್ಷ ಕಳೆದು 1936ರಲ್ಲಿ ಎಚ್. ಎಲ್. ಎನ್. ಸಿಂಹರ ‘ಸಂಸಾರ ನೌಕೆ’ ಬಂತು. ಹೆಸರಿನಲ್ಲಿ ನೌಕೆಯಿದ್ದರೂ ಅದು ಕಡಲಿನ ಕಥೆಯಲ್ಲ, ಮನೆಯ ಕಥೆ. ಪುರಾಣ ಬಿಟ್ಟು ಸಾಮಾಜಿಕ ವಸ್ತುವಿಗೆ ಕೈ ಹಾಕಿದ ಮೊದಲ ಕನ್ನಡ ಮಾತಿನ ಚಿತ್ರವೆಂಬ ಹಿರಿಮೆ ಅದರದ್ದು.

‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ‘ಆಲಂ ಆರಾ’ದ್ದೂ ಇದೇ ಗತಿ. ನಾಗೇಂದ್ರರಾಯರ ರಾವಣ ಹೇಗೆ ಗರ್ಜಿಸಿದ, ತ್ರಿಪುರಾಂಬ ಹೇಗೆ ಹಾಡಿದರು ಎಂಬುದನ್ನು ತೆರೆಯ ಮೇಲೆ ಕಂಡು ತಿಳಿಯುವ ದಾರಿ ಮುಚ್ಚಿಹೋಗಿದೆ. ಆಗಿನ ಫಿಲ್ಮು ಸೆಲ್ಯುಲೋಸ್ ನೈಟ್ರೇಟ್ ಎಂಬ ವಸ್ತುವಿನದ್ದು, ತುಪಾಕಿಯ ಮದ್ದಿಗೆ ಬಳಸುವ ಗನ್‌ಕಾಟನ್ನಿನ ಸಮೀಪದ ಬಂಧು. ಒಮ್ಮೆ ಹೊತ್ತಿಕೊಂಡರೆ ನೀರೊಳಗೆ ಮುಳುಗಿಸಿದರೂ ಉರಿಯುತ್ತದೆ, ಏಕೆಂದರೆ ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇದೆ. ಬೆಂಕಿ ತಗಲದಿದ್ದರೂ ಸೆಕೆ, ತೇವಗಳಲ್ಲಿ ತಾನಾಗಿ ಕೊಳೆತು ಅಂಟಾಗಿ, ಕೊನೆಗೆ ಪುಡಿಯಾಗುತ್ತದೆ. ಓಡಿ ಮುಗಿದ ಚಿತ್ರಗಳಿಂದ ಬೆಳ್ಳಿ ತೆಗೆದು ಮಾರುತ್ತಿದ್ದುದೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಹುಟ್ಟಿದ್ದು 1964ರಲ್ಲಿ, ‘ಸತಿ ಸುಲೋಚನ’ ಬಂದು ಮೂವತ್ತು ವರ್ಷಗಳಾದ ಮೇಲೆ. ಕಾಯುವವರು ಬರುವಷ್ಟರಲ್ಲಿ ಕಾಯಬೇಕಾದದ್ದೇ ಹೋಗಿತ್ತು.

ಅಮೆರಿಕದಲ್ಲಿ ಎಲ್ಲವೂ ಉಳಿಯಿತೆಂದು ತಿಳಿಯಬೇಡಿ. ಅಲ್ಲೂ ಮೂಕಿ ಕಾಲದ ಬಹುಪಾಲು ಚಿತ್ರಗಳು ನಾಶವಾಗಿವೆ. ಲಾರೆಲ್ ಹಾರ್ಡಿಯರ ಮೊದಲ ಮಾತಿನ ಚಿತ್ರದ ಫಿಲ್ಮು ಇತ್ತು, ದನಿಯ ತಟ್ಟೆಗಳು ಕಾಣೆಯಾಗಿದ್ದವು. ಸುಮಾರು ಅರ್ಧ ಶತಮಾನ ಆ ಚಿತ್ರ ಮೂಕಿಯಾಗಿಯೇ ಇತ್ತು. 1970ರ ದಶಕದಲ್ಲಿ ತಟ್ಟೆಗಳು ಸಿಕ್ಕಿದವು, ಚಿತ್ರಕ್ಕೆ ಮತ್ತೆ ಮಾತು ಬಂತು. ಯಾರೋ ಎಸೆಯದೆ ಇಟ್ಟುಕೊಂಡದ್ದರಿಂದ ಸಿಕ್ಕಿತು. ಉಳಿಯುವುದಕ್ಕೂ ಅಳಿಯುವುದಕ್ಕೂ ನಡುವಿನ ಅಂತರ ಅಷ್ಟೇ.

ಮನೆಯಲ್ಲಿರುವ ಭಂಡಾರ

ಇದು ಸಿನಿಮಾದವರ ಕಷ್ಟ, ನಮಗೇನು ಎಂದು ಹೆತ್ತವರು ಕೇಳಬಹುದು. ನಿಮ್ಮ ಮನೆಯ ಕಪಾಟಿನಲ್ಲಿರುವ ಹಳೆಯ ಕ್ಯಾಸೆಟ್ಟುಗಳನ್ನು ಒಮ್ಮೆ ತೆಗೆದು ನೋಡಿ. ಅಜ್ಜಿಯ ಪಾಡ್ದನ, ಅಜ್ಜನ ತಾಳಮದ್ದಳೆಯ ಅರ್ಥ, ಅಕ್ಕನ ಮದುವೆಯ ಗಲಾಟೆ ಅದರಲ್ಲಿರಬಹುದು. ಟೇಪಿನ ಮೇಲಿನ ಕಬ್ಬಿಣದ ಆಕ್ಸೈಡಿನ ಪುಡಿಯಲ್ಲಿ ಕಾಂತತ್ವದ ರೂಪದಲ್ಲಿ ಆ ದನಿಗಳು ಕುಳಿತಿವೆ. ನಮ್ಮ ಕರಾವಳಿಯ ನಾಲ್ಕು ತಿಂಗಳ ಮಳೆಗೆ ಟೇಪು ಬೂಷ್ಟು ಹಿಡಿಯುತ್ತದೆ, ಪುಡಿ ಉದುರುತ್ತದೆ. ಉದುರಿದ ಪುಡಿಯ ಜತೆ ಅಜ್ಜಿಯ ದನಿಯೂ ಉದುರುತ್ತದೆ.

ವಿದ್ಯಾರ್ಥಿಗಳು ರಜೆಯಲ್ಲಿ ಮಾಡಬಹುದಾದ ಕೆಲಸವಿದು. ಕ್ಯಾಸೆಟ್ಟುಗಳನ್ನು ಒಣ ಜಾಗದಲ್ಲಿ, ಸಿಲಿಕಾ ಜೆಲ್ಲಿನ ಪುಟ್ಟ ಚೀಲದೊಂದಿಗೆ ಮುಚ್ಚಳದ ಡಬ್ಬಿಯಲ್ಲಿಡಿ. ಸ್ಪೀಕರಿನ ಹತ್ತಿರ ಇಡಬೇಡಿ, ಅದರಲ್ಲಿ ಬಲವಾದ ಅಯಸ್ಕಾಂತವಿದೆ. ಗೊತ್ತಿದ್ದವರ ನೆರವಿನಿಂದ ಕಂಪ್ಯೂಟರಿಗೆ ಇಳಿಸಿ ಎರಡು ಪ್ರತಿ ಮಾಡಿ, ಎರಡನ್ನೂ ಒಂದೇ ಮನೆಯಲ್ಲಿಡಬೇಡಿ. ಯಾರ ದನಿ, ಯಾವ ಊರು, ಯಾವ ದಿನ ಎಂಬುದನ್ನು ಬರೆದಿಡಿ. ಹೆಸರಿಲ್ಲದ ದನಿ ಮೊಮ್ಮಕ್ಕಳ ಕಾಲಕ್ಕೆ ಬರೀ ಸದ್ದು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು. ಶಿ. ಹರಿದಾಸ ಭಟ್ಟರು ಕಟ್ಟಿ ಬೆಳೆಸಿದ ಜಾನಪದ ರಂಗಕಲೆಗಳ ಕೇಂದ್ರ ಯಕ್ಷಗಾನ, ಭೂತಾರಾಧನೆಗಳ ಧ್ವನಿಮುದ್ರಣಗಳನ್ನು ಸಂಗ್ರಹಿಸಿದ್ದು ಇಂಥದ್ದೇ ಕಾಳಜಿಯಿಂದ. ಕ್ಯಾಸೆಟ್ಟೇ ಇಲ್ಲದ ಮನೆಯವರು ಇಂದೇ ಫೋನಿನಲ್ಲಿ ಹಿರಿಯರ ದನಿ ಹಿಡಿಯಲಿ. ಫ್ಯಾನು ನಿಲ್ಲಿಸಿ, ಟಿ.ವಿ. ಆರಿಸಿ, ದಪ್ಪ ಪರದೆಯಿರುವ ಕೋಣೆಯಲ್ಲಿ ಕುಳಿತರೆ ಮಾತು ಸ್ಪಷ್ಟವಾಗುತ್ತದೆ. ಕಲ್ಲಿನ ಬಸದಿಯ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಬಿಡುವಿದ್ದಾಗ ‘ಮೆನ್ ಓ ವಾರ್’ ಅನ್ನು ಮಕ್ಕಳೂ ಹಿರಿಯರೂ ಒಟ್ಟಿಗೆ ಕುಳಿತು ನೋಡಿ. ಮೊದಲು ಶಬ್ದ ನಿಲ್ಲಿಸಿ ಸೋಡಾದ ದೃಶ್ಯ ನೋಡಿ, ಆಮೇಲೆ ಶಬ್ದ ಕೊಟ್ಟು ನೋಡಿ. ಎಲ್ಲಿ ನಗು ಹೆಚ್ಚಾಯಿತು, ಯಾಕೆ ಹೆಚ್ಚಾಯಿತು ಎಂದು ಮಾತನಾಡಿಕೊಳ್ಳಿ. ಆ ಮಾತುಕತೆಯನ್ನೇ ಮುದ್ರಿಸಿಕೊಂಡರೆ ನಿಮ್ಮ ಮನೆಯ ಭಂಡಾರಕ್ಕೆ ಮೊದಲ ದನಿ ಸೇರಿದ ಹಾಗಾಯಿತು.